ಚಿಲ್ಲರೆ

ಮಲ್ಪೆ ಬಂದರಿನ ಗೇಟಿನೆದುರು
ಐಸ್ ಫ್ಯಾಕ್ಟರಿಯ ಪಕ್ಕ ನನ್ನ ಮೆಡಿಕಲ್.
ಬೆಳಿಗ್ಗೆ ಆರಕ್ಕೆ ಶಟರ್ ಎತ್ತುವಾಗಲೇ
ವಾರಿಜಕ್ಕ ಮೆಟ್ಟಿಲ ಮೇಲೆ, ಬುಟ್ಟಿ ಕೆಳಗೆ,
ಮಂಡಿ ಅವಳದಲ್ಲ,
ಯಾರೋ ಸಾಕಲು ಕೊಟ್ಟುಹೋದ ಪ್ರಾಣಿ ಎಂಬಂತೆ
ತಟ್ಟುತ್ತ ಕೂತಿರುತ್ತಾಳೆ.

"ಆ ಗುಲಾಬಿ ಬಣ್ಣದ್ದು ಎರಡು ಕೊಡಿ."
ಹೆಸರು ಅವಳಿಗೆ ಬೇಡ. ಚೀಟಿ ನಾನು ಕೇಳಿದವನಲ್ಲ.
ನೋಟಿಗೆ ಬಂಗುಡೆಯ ಹೊಳಪು ಅಂಟಿರುತ್ತದೆ.
ಚಿಲ್ಲರೆ ಇಲ್ಲ ಅಂದರೆ
"ಇರಲಿ ಬಿಡಿ, ಅದಕ್ಕೂ ಒಂದು ಮಾತ್ರೆ ಹಾಕಿ."
ಹೀಗೆ ಹನ್ನೊಂದು ವರ್ಷ
ನಾವಿಬ್ಬರೂ ಲೆಕ್ಕ ಚುಕ್ತಾ ಮಾಡಿಕೊಂಡೆವು.

ನಮ್ಮಪ್ಪ ಹಿರಿಯಡ್ಕದ ದನದಾಸ್ಪತ್ರೆಯಲ್ಲಿ ಕಂಪೌಂಡರ್.
ಸೈಕಲ್ಲಿನ ಹ್ಯಾಂಡಲಿಗೆ ತೂಗುವ ಚೀಲದಲ್ಲಿ
ಗಾಜಿನ ಸಿರಿಂಜು, ಹತ್ತಿ, ಮತ್ತು ಹೊಸತಾಗಿ ಬಂದಿದ್ದ,
ನೋವನ್ನು ಗಂಟೆಯೊಳಗೆ ಎಬ್ಬಿಸಿ ಕಳಿಸುವ ಸೂಜಿಮದ್ದು.
ಕೆಚ್ಚಲು ಬಾತ ಹಸುವಿಗೆ, ಕಾಲು ಉಳುಕಿದ ಕೋಣಕ್ಕೆ,
ಇನ್ನು ಏಳದು ಎಂದು ಗೊತ್ತಿದ್ದ ಮುದಿ ಎತ್ತಿಗೂ:
"ಸಾಯುವುದಾದರೆ ನರಳದೆ ಸಾಯಲಿ ಮಾರಾಯ"
ಎಂದು ಕುತ್ತಿಗೆ ಸವರಿ ಚುಚ್ಚುತ್ತಿದ್ದರು.
ಹಗ್ಗ ಹಿಡಿಯುವ ಕೆಲಸ ನನ್ನದು.
ಕರುಣೆ ಅಂದರೆ ಈಗಲೂ
ನನ್ನ ಮೂಗಿಗೆ ಸ್ಪಿರಿಟ್ಟಿನ ವಾಸನೆ.

ಸತ್ತದ್ದನ್ನು ಸ್ವರ್ಣೆಯ ದಡದ ಪಾದೆಗೆ ಎಳೆದು ಹಾಕುತ್ತಿದ್ದರು.
ತಾಳೆಮರದಿಂದ ರಣಹದ್ದುಗಳು ಇಳಿಯುತ್ತಿದ್ದವು,
ಮದುವೆಗೆ ತಡವಾಗಿ ಬಂದ ನೆಂಟರ ಹಾಗೆ
ಕತ್ತು ತಗ್ಗಿಸಿ, ಪಂಕ್ತಿಯಲ್ಲಿ ಜಾಗ ನೋಡುತ್ತ.
ಸಂಜೆಗೆ ಬರೀ ಎಲುಬು,
ತೊಳೆದು ಕವುಚಿಟ್ಟ ಪಾತ್ರೆಯಷ್ಟು ಚೊಕ್ಕ.

ಒಂದು ವರ್ಷ ಐದೇ ಬಂದವು. ಮರುವರ್ಷ
ಒಂದು. ಮೂರು ದಿನ ಕತ್ತು ಜೋಲಿಸಿ ಕೂತಿತ್ತು,
ನಾಲ್ಕನೆಯ ದಿನ ಕಳಚಿ ಬಿತ್ತು.
ಅಪ್ಪ, ಒಣಗಿದ ಗರಿಯೆಂದುಕೊಂಡು ದಾಟಿ ಬಂದರಂತೆ.
ಆಮೇಲೆ ಪಾದೆಯ ತುಂಬ ನಾಯಿಗಳು.
ನಾತ ತಡೆಯದೆ ಊರವರು ಹೊಂಡ ತೋಡಿದರು.
ಹಕ್ಕಿಗಳಲ್ಲವೆ, ಘಟ್ಟ ಹತ್ತಿರಬಹುದು ಅಂದರು.

ಮಂಗಳೂರಿನಲ್ಲಿ ಡಿ.ಫಾರ್ಮ ಓದುವಾಗ ಒಂದು ಮಧ್ಯಾಹ್ನ
ಫ್ಯಾನಿನ ಕೆಳಗೆ ತೂಕಡಿಸುತ್ತಿದ್ದವನಿಗೆ ಕೇಳಿಸಿತು:
ಸತ್ತ ದನದ ಮೈಯಲ್ಲಿ ಉಳಿದ ಮದ್ದು,
ತಿಂದ ಹದ್ದಿನ ಮೂತ್ರಪಿಂಡ,
ಕೊಯ್ದು ನೋಡಿದರೆ ಗುಂಡಿಗೆ ಪಿತ್ತಕೋಶದ ಮೇಲೆಲ್ಲ
ಸುಣ್ಣ ಬಳಿದ ಹಾಗೆ ಬಿಳಿ.
ದನಗಳಿಗೆ ಅದನ್ನು ಕೊಡಬಾರದೆಂದು
ಕಾಯಿದೆಯೂ ಬಂತು. ಬರುವಾಗ ತಾಳೆಮರ ಖಾಲಿ.

ಅಪ್ಪನಿಗೆ ಹೇಳಿದೆ.
ಎಲೆಗೆ ಸುಣ್ಣ ಹಚ್ಚುತ್ತಿದ್ದವರು
ಬೆರಳನ್ನು ನೋಡಿದರು. ಒರೆಸಿಕೊಂಡರು.
ಆ ದಿನ ಎಲೆ ಹಾಕಲಿಲ್ಲ.
ಮರುದಿನ ಹಾಕಿದರು.

ಕಳೆದ ಆಟಿ ತಿಂಗಳಲ್ಲಿ ವಾರಿಜಕ್ಕನ ಮುಖ ಬಾತಿತು.
ಉಂಗುರ ಬೆರಳು ಬಿಟ್ಟು ಬರಲಿಲ್ಲ.
ಉಡುಪಿಯಲ್ಲಿ ರಕ್ತ ನೋಡಿದ ಡಾಕ್ಟರು
ಮೂತ್ರಪಿಂಡ ಅರ್ಧ ಹೋಗಿದೆ ಅಂದು, ಕೇಳಿದರಂತೆ:
ನೋವಿನ ಮಾತ್ರೆ ಎಷ್ಟು ದಿನದಿಂದ?
"ಅಪರೂಪಕ್ಕೊಮ್ಮೆ," ಅಂದಳಂತೆ.
ನನ್ನ ಅಂಗಡಿಯ ಹೆಸರು ಹೇಳಲಿಲ್ಲವಂತೆ.
ಇದನ್ನೆಲ್ಲ ಅವಳೇ ನನಗೆ ಹೇಳಿದ್ದು, ನಗುತ್ತ,
ಉಪಕಾರ ಮಾಡಿದವಳ ಹಾಗೆ.

ಇನ್ನೊಂದು ಮಾತು, ನಾನು ಯಾರಿಗೂ ಹೇಳದ್ದು.
ತಾರೀಕು ಮುಗಿದ ಮಾತ್ರೆಗಳನ್ನು ಎಷ್ಟೋ ಸಲ
ಅಂಗಡಿಯ ಹಿಂದಿನ ತೋಡಿಗೆ ಸುರಿದಿದ್ದೇನೆ.
ತೋಡು ಹೊಳೆಗೆ, ಹೊಳೆ ಕಡಲಿಗೆ,
ಕಡಲು ಅವಳ ಬುಟ್ಟಿಗೆ.
ಬುಟ್ಟಿಯಿಂದ ಪ್ರತಿ ಶನಿವಾರ, ನೀರು ತೊಟ್ಟಿಕ್ಕುತ್ತ,
ಎರಡು ಬೂತಾಯಿ ಹೆಚ್ಚೇ ಹಾಕಿ, ನನ್ನ ಮನೆಗೆ.

ಈಗ ಬ್ಯಾಂಕಿನ ಸಾಲಿನಲ್ಲಿ ನಿಂತು
ಗಲ್ಲಾಪೆಟ್ಟಿಗೆ ತುಂಬ ನಾಣ್ಯ ತಂದಿಟ್ಟಿದ್ದೇನೆ.
ಇವತ್ತು ಬಂದಳು.
ಚೀಟಿ ಇಲ್ಲದೆ ಕೊಡುವುದಿಲ್ಲ ವಾರಿಜಕ್ಕ, ಅಂದೆ.
ತುಂಬ ಹೊತ್ತು ನೋಡಿದಳು.
"ನೋವು ನಿಮಗಾ, ನನಗಾ?"
ನಾಣ್ಯಗಳನ್ನು ಸುಮ್ಮನೆ ಮೇಲೆ ಕೆಳಗೆ ಮಾಡಿದೆ.

ಬುಟ್ಟಿ ಎತ್ತಿಕೊಂಡು, ಒಂದು ಕಾಲು ಎಳೆಯುತ್ತ,
ಲಾರಿಗಳಿಗೆ ಕೈ ಅಡ್ಡ ಹಿಡಿದು ರಸ್ತೆ ದಾಟಿದಳು.
ಎದುರಿನ ಹೊಸ ಮೆಡಿಕಲ್ಲಿನ ಹುಡುಗ
ಚಿಲ್ಲರೆ ಇಲ್ಲ ಅಂದದ್ದು
ಇಲ್ಲಿಗೂ ಕೇಳಿಸಿತು.